ಆಹಾರದ ಆಯ್ಕೆ ಮತ್ತು ಮಾರುಕಟ್ಟೆ: ರಾಗಿ ಕಲಿಸುವ ಪಾಠ

ಜನರು ತಮಗೆ ರುಚಿಸಿದ್ದನ್ನು ಕೊಳ್ಳುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಲಭ್ಯತೆ, ಬೆಲೆ, ಸಾಮಾಜಿಕ ಗೌರವ, ಅಡುಗೆಗೆ ತಗಲುವ ಸಮಯ ಹಾಗೂ ಆರೋಗ್ಯದ ಕಾಳಜಿ ಎಲ್ಲವೂ ಕೂಡಿ ಈ ಆಯ್ಕೆಯನ್ನು ರೂಪಿಸುತ್ತವೆ. ಆಹಾರೋದ್ಯಮದಲ್ಲಿ ಬಂಡವಾಳ ತೊಡಗಿಸುವವರು ಇವುಗಳನ್ನು ಬಿಡಿಬಿಡಿಯಾಗಿ ಅರಿಯುವುದು ಅವಶ್ಯ. ಇದಕ್ಕೆ ರಾಗಿ ಉತ್ತಮ ನಿದರ್ಶನ.

ಲಭ್ಯತೆ ಮತ್ತು ಗೌರವ

ಹಳೇ ಮೈಸೂರು ಭಾಗದ ಮುದ್ದೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಅನ್ನ ಮೂಲತಃ ಆಯಾ ಪ್ರದೇಶದ ಮಳೆ ಮತ್ತು ಮಣ್ಣಿನ ಕೊಡುಗೆಗಳು. ಬೆಳೆದದ್ದು ರೂಢಿಯಾಯಿತು, ರೂಢಿಯೇ ರುಚಿಯಾಯಿತು. ರಾಗಿ ಸೀಮೆಯ ಅನೇಕ ಮನೆಗಳಲ್ಲಿ ಅನ್ನವು ಹಬ್ಬದ ಊಟವಾಗಿತ್ತು. ನೀರಾವರಿ ವಿಸ್ತರಿಸಿ, ನ್ಯಾಯಬೆಲೆ ಅಂಗಡಿಯ ಅಕ್ಕಿ ಕೈಗೆಟುಕಿದಾಗ ಹಬ್ಬದ ಊಟವೇ ನಿತ್ಯದ ಊಟವಾಯಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡ ಕುಟುಂಬಗಳ ಪಾಲಿಗೆ ಅಕ್ಕಿಯನ್ನು ಇನ್ನಷ್ಟು ಅಗ್ಗವಾಗಿಸಿತು.

ಬೆಲೆಯ ತಿರುವು

2025-26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲ್ ರಾಗಿಗೆ ರೂ. 4,886, ಸಾಮಾನ್ಯ ಭತ್ತಕ್ಕೆ ರೂ. 2,369. ಕ್ವಿಂಟಾಲ್ ಭತ್ತದಿಂದ ಸುಮಾರು 67 ಕಿಲೋ ಅಕ್ಕಿ ದೊರೆಯುತ್ತದೆ ಎಂದು ಲೆಕ್ಕ ಹಾಕಿದರೂ, ಗಿರಣಿ ವೆಚ್ಚ ಬಿಟ್ಟು ಕ್ವಿಂಟಾಲ್ ಅಕ್ಕಿಯ ಮೂಲಬೆಲೆ ರೂ. 3,540ರ ಆಸುಪಾಸಿಗೆ ಬರುತ್ತದೆ. ಬಡವರ ಧಾನ್ಯವೆನಿಸಿದ್ದ ರಾಗಿ ಈ ಲೆಕ್ಕದಲ್ಲಿ ಅಕ್ಕಿಗಿಂತ ದುಬಾರಿ. ಬೆಳೆಗಾರನಿಗೆ ಇದು ಶುಭವಾರ್ತೆ. ಹಿಟ್ಟಿನ ವ್ಯಾಪಾರಿಗೆ ಎಚ್ಚರಿಕೆ.

ಸಮಯದ ಮೌಲ್ಯ

ಕೇಂದ್ರ ಸರ್ಕಾರದ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯಂತೆ, ಗ್ರಾಮೀಣ ಭಾರತದ ಒಟ್ಟು ಬಳಕೆ ವೆಚ್ಚದಲ್ಲಿ ಏಕದಳ ಧಾನ್ಯಗಳ ಪಾಲು 1999-2000ರಲ್ಲಿ ಸುಮಾರು ಶೇ. 22ರಷ್ಟಿತ್ತು. ಉಚಿತ ಪಡಿತರದ ಮೌಲ್ಯವನ್ನು ಸೇರಿಸದೆ ನೋಡಿದರೆ, 2022-23ರಲ್ಲಿ ಅದು ಶೇ. 5ರ ಸಮೀಪಕ್ಕೆ ಇಳಿದಿದೆ. ಇದೇ ಅವಧಿಯಲ್ಲಿ ಪಾನೀಯ ಹಾಗೂ ಸಂಸ್ಕರಿತ ಆಹಾರಗಳ ಪಾಲು ಸುಮಾರು ಶೇ. 4ರಿಂದ ಶೇ. 9.6ಕ್ಕೆ ಏರಿದೆ. ಅಡುಗೆಮನೆಯ ಶ್ರಮವನ್ನು ತಗ್ಗಿಸುವ ಪದಾರ್ಥಕ್ಕೆ ಹಣ ತೆರಲು ಹಳ್ಳಿಯ ಕುಟುಂಬವೂ ಸಿದ್ಧವಾಗಿದೆ ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ. ಗಂಟಿಲ್ಲದೆ ಮುದ್ದೆ ಕಟ್ಟಲು ಕೈಬಲವೂ ಅನುಭವವೂ ಬೇಕು. ಹುರಿಹಿಟ್ಟು, ಮಾಲ್ಟ್, ದೋಸೆ ಮಿಶ್ರಣಗಳ ರೂಪದಲ್ಲಿ ರಾಗಿ ನಗರದ ಮನೆಗಳನ್ನು ಹೊಕ್ಕಿದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು.

ಆರೋಗ್ಯದ ಮಾತು

2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂಗೂ ಕಡಿಮೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವನ್ನಾಗಿ ಆಚರಿಸಿದ ಮೇಲೆ ಇಂತಹ ಮಾಹಿತಿ ಮನೆಮಾತಾಗಿದೆ. ಆದರೆ ಒಂದು ಸಂಗತಿಯನ್ನು ಮರೆಯಲಾಗದು: ಜನರು ರಾಗಿಯಿಂದ ಅಕ್ಕಿಯತ್ತ ಹೊರಳಿದಾಗಲೂ ರಾಗಿಯಲ್ಲಿ ಸುಣ್ಣದಂಶ ಇದ್ದೇ ಇತ್ತು. ಬದಲಾದದ್ದು ಧಾನ್ಯದ ಗುಣವಲ್ಲ. ಬೆಲೆ, ಬಿಡುವು ಮತ್ತು ಗೌರವದ ಕಲ್ಪನೆ. ಆರೋಗ್ಯದ ಮಾತು ಮೊದಲ ಪೊಟ್ಟಣವನ್ನು ಮಾರಬಲ್ಲದು. ಎರಡನೆಯದನ್ನು ಮಾರಬೇಕಾದದ್ದು ರುಚಿ, ಬೆಲೆ ಮತ್ತು ಅನುಕೂಲ.

ಉದ್ಯಮಿಗಳು ಗಮನಿಸಬೇಕಾದದ್ದು

ಸಿರಿಧಾನ್ಯದ ಹೆಸರನ್ನೇ ನಂಬಿ ಸಾಲ ಮಾಡಿ ಘಟಕ ಸ್ಥಾಪಿಸುವ ಸಣ್ಣ ಉದ್ಯಮಿಯು ಯಂತ್ರ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಒಂದು ಹೊತ್ತಿನ ಊಟಕ್ಕೆ ಈ ಪದಾರ್ಥದಿಂದ ತಗಲುವ ವೆಚ್ಚವೆಷ್ಟು? ಬೆಳಗಿನ ಗಡಿಬಿಡಿಯಲ್ಲಿ ಇದನ್ನು ಎಷ್ಟು ನಿಮಿಷದಲ್ಲಿ ಸಿದ್ಧಪಡಿಸಬಹುದು? ಮನೆಯ ಮಕ್ಕಳು ಇದನ್ನು ಮತ್ತೆ ಕೇಳಿ ತಿನ್ನುವರೇ? ಇವುಗಳೊಡನೆ ವಿಶ್ವಾಸವೂ ಮುಖ್ಯ. ಪೊಟ್ಟಣದ ಮೇಲೆ ಘಟಕಾಂಶಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ ಮೊದಲಿದ್ದು ರಾಗಿ ಕೊನೆಯಲ್ಲಿದ್ದರೆ, ಓದಬಲ್ಲ ಗ್ರಾಹಕ ಮುಂದಿನ ಬಾರಿ ಬೇರೆ ಪೊಟ್ಟಣಕ್ಕೆ ಕೈ ಚಾಚುತ್ತಾನೆ.