ಹೆಸರು ಹಾಸನದಲ್ಲಿ, ಸ್ಪರ್ಧೆ ಅರಕಲಗೂಡಿನಲ್ಲಿ?

ಪ್ರಶ್ನೆ: ನಮ್ಮ ವಾರ್ಡು ಮಹಿಳೆಗೆ ಮೀಸಲಾದರೆ ಅರಕಲಗೂಡು ಪಟ್ಟಣ ಪಂಚಾಯಿತಿಗೆ ನಿಲ್ಲುವ ಆಸೆ. ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ತವರು ಹಾಸನದಲ್ಲಿದೆ. ‘ಗೆದ್ದರೆ ಎಲ್ಲಾ ನಾನೇ ನೋಡ್ಕೋತೀನಿ’ ಅಂತಾರೆ ನಮ್ಮ ಯಜಮಾನರು.

ಉತ್ತರ: ಮೀಸಲಿಗೇ ಯಾಕೆ ಕಾಯುತ್ತೀರಿ? ಸಾಮಾನ್ಯ ವಾರ್ಡಿನಲ್ಲೂ ಹೆಂಗಸರು ನಿಲ್ಲಬಹುದು, 21 ತುಂಬಿದ್ದರೆ ಸಾಕು. ಆದರೆ ಹೆಸರು ಅರಕಲಗೂಡು ಪಟ್ಟಣದ ಪಟ್ಟಿಯಲ್ಲೇ ಇರಬೇಕು, ಅದು ಯಾವ ವಾರ್ಡಾದರೂ ಸರಿ. ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದ. ಹಾಗಾಗಿ ನಮೂನೆ 8 ಕೊಟ್ಟು ಈಗಲೇ ವರ್ಗಾಯಿಸಿಕೊಳ್ಳಿ. ಸೂಚಕರು ಮಾತ್ರ ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಲಿ.

ಮನೆಕಂದಾಯ, ನೀರಿನ ಬಾಕಿ ಚುಕ್ತಾ ಮಾಡಿ ರಸೀದಿ ಜೋಪಾನವಾಗಿಡಿ. ನಾಮಪತ್ರ ಪರಿಶೀಲನೆಯ ದಿನ ಎದುರು ಪಾರ್ಟಿಯವರು ಮೊದಲು ಕೆದಕುವುದೇ ಅದನ್ನು. ನಿಮ್ಮ ಹೆಸರಲ್ಲೋ ಪಾಲುದಾರಿಕೆಯಲ್ಲೋ ಪಂಚಾಯಿತಿಯ ಗುತ್ತಿಗೆ ಕೆಲಸವಿದ್ದರೂ ಅನರ್ಹತೆ ಅಂಟುತ್ತದೆ.

ಇನ್ನು ಯಜಮಾನರ ವಿಷಯ. ಸಭೆಯಲ್ಲಿ ಕೂತು ಚರಂಡಿ, ಬೀದಿದೀಪದ ಪ್ರಶ್ನೆ ಎತ್ತುವ, ಕೈ ಎತ್ತಿ ಮತ ಹಾಕುವ ಹಕ್ಕು ಗೆದ್ದವರೊಬ್ಬರದೇ. ಅವರ ಉತ್ಸಾಹವನ್ನು ಮನೆಮನೆ ಪ್ರಚಾರಕ್ಕೆ ಹಚ್ಚಿ. ಸಭೆಯ ನೋಟಿಸು ಮಾತ್ರ ನೀವೇ ಕೈಯಾರೆ ತೆಗೆದುಕೊಂಡು ಓದಿ.