ಕಲ್ಲು-ಕಬ್ಬಿಣದ ಉಲ್ಕಾಪಿಂಡಗಳು: ಸಂಗ್ರಹಿಸುವ ಮತ್ತು ಇಟ್ಟು ತೋರಿಸುವ ಕ್ರಮ

ಆಕಾಶದಿಂದ ಧರೆಗೆ ಬೀಳುವ ಉಲ್ಕಾಪಿಂಡಗಳು ಮೂರು ಬಗೆಯವು: ಕಲ್ಲಿನವು, ಕಬ್ಬಿಣದವು, ಇವೆರಡೂ ಹೆಚ್ಚುಕಡಮೆ ಸಮವಾಗಿ ಬೆರೆತವು. ಬಿದ್ದುದನ್ನು ಕಂಡು ಆರಿಸಿಟ್ಟವುಗಳಲ್ಲಿ ಮೂರನೆಯ ಬಗೆಯವು ನೂರಕ್ಕೆ ಒಂದರಷ್ಟು ಮಾತ್ರ.

ಈ ಬಗೆಯಲ್ಲಿ ಎರಡು ಮುಖ್ಯ ಜಾತಿಗಳುಂಟು. ಪ್ಯಾಲಸೈಟಿನಲ್ಲಿ ನಿಕ್ಕಲ್ ಬೆರೆತ ಕಬ್ಬಿಣದ ನಡುವೆ ಹಳದಿಹಸುರಿನ ಆಲಿವಿನ್ ಹರಳುಗಳು ಕೆತ್ತಿ ಕೂರಿಸಿದಂತಿರುವುವು. ಮೀಸೋಸಿಡರೈಟ್ ಒಡೆದ ಕಲ್ಲೂ ಲೋಹವೂ ಕಲಸಿಹೋದ ಮುದ್ದೆ. 1772ರಲ್ಲಿ ಪೀಟರ್ ಸೈಮನ್ ಪಾಲಸ್ ಎಂಬ ಪಂಡಿತನು ಸೈಬೀರಿಯದಲ್ಲಿ ಕಂಡ ಪಿಂಡದಿಂದಲೇ ಮೊದಲನೆಯದಕ್ಕೆ ಆ ಹೆಸರು ಬಂದಿತು. ಅದು ಅಂತರಿಕ್ಷದಿಂದ ಬಂದುದೆಂದು 1794ರಲ್ಲಿ ಕ್ಲಾಡ್ನಿ ವಾದಿಸಿದಾಗ ನಂಬಿದವರು ವಿರಳ. ನಮ್ಮ ದೇಶದಲ್ಲಿ ಪುಣೆಯ ಬಳಿ 1847ರಲ್ಲಿ ದೊರೆತ ಸಿಂಘೂರ್ ಪಿಂಡವು ಈ ಜಾತಿಯದು.

ನಮ್ಮ ಚನ್ನಪಟ್ಟಣಕ್ಕೆ ನೆರೆಯ ಮದ್ದೂರಿನಲ್ಲಿ 1865ರ ಸೆಪ್ಟೆಂಬರ್ 21ರಂದು ಬಿದ್ದುದು ಕಲ್ಲಿನ ಬಗೆಯದು. ಅದರಲ್ಲಿಯೂ ಸ್ವಲ್ಪ ಲೋಹಕಣಗಳುಂಟಾದರೂ, ಅಷ್ಟರಿಂದಲೇ ಅದನ್ನು ಮೂರನೆಯ ಬಗೆಗೆ ಸೇರಿಸಕೂಡದು. ಬಿದ್ದ ಊರನ್ನೂ ದಿನವನ್ನೂ ಬರೆದಿಟ್ಟುದರಿಂದ ಆ ಕಲ್ಲಿಗೆ ಇಂದಿಗೂ ಹೆಸರಿದೆ.

ಕಬ್ಬಾಳಿನ ಸುತ್ತ ಕರಿಯ ಭಾರದ ಕಲ್ಲೊಂದು ಸಿಕ್ಕಿತೆನ್ನೋಣ. ಅದು ಆಕಾಶದ್ದೇ? ಕಬ್ಬಾಳದುರ್ಗದ ಬಂಡೆ ಗ್ರಾನೈಟ್. ಅದರಲ್ಲಿ ಹೊಳೆಯುವ ಲೋಹದ ಕಬ್ಬಿಣವಿಲ್ಲ. ಆದರೆ ಮಾಗಡಿ ಸೀಮೆಯಲ್ಲಿ ಹಿಂದೆ ಕಬ್ಬಿಣ ಕರಗಿಸುತ್ತಿದ್ದರು. 1800ರಲ್ಲಿ ಸಂಚರಿಸಿದ ಬುಕಾನನ್ ಅದನ್ನು ವರ್ಣಿಸಿದ್ದಾನೆ. ಆ ಕುಲುಮೆಗಳ ಕಿಟ್ಟವೂ ಕಪ್ಪು, ಅದೂ ಭಾರ. ಕಿಟ್ಟದಲ್ಲಿ ಗುಳ್ಳೆಗಳ ತೂತುಗಳಿರುವುವು. ಉಲ್ಕಾಪಿಂಡದಲ್ಲಿ ಸಾಮಾನ್ಯವಾಗಿ ಇರವು. ಹೊಸದಾಗಿ ಬಿದ್ದ ಪಿಂಡದ ಮೇಲೆ ತೆಳುವಾದ ಕರಿಯ ಸಿಪ್ಪೆಯಿರುವುದು.

ಸಂಗ್ರಹಿಸುವವರು ಗಮನಿಸತಕ್ಕವು ಇವು:

1. ಎತ್ತುವ ಮುನ್ನ ಸ್ಥಳ, ದಿನ, ಗಂಟೆಗಳನ್ನು ಬರೆದುಕೊಳ್ಳಬೇಕು. ಆಮೇಲೆ ತೂಗಿ ತೂಕವನ್ನೂ ಬರೆಯಬೇಕು.

2. ಬರಿಗೈಯಿಂದ ಮುಟ್ಟಕೂಡದು, ನೀರಿನಲ್ಲಿ ತೊಳೆಯಕೂಡದು. ಬೆವರಿನ ಉಪ್ಪೂ ತೇವವೂ ತುಕ್ಕಿಗೆ ಕಾರಣ.

3. ಸುತ್ತಿಗೆಯಿಂದ ಒಡೆಯಕೂಡದು.

4. ಸೂಜಿಗಲ್ಲನ್ನು ಹಿಡಿದು ಪರೀಕ್ಷಿಸಕೂಡದು. ಪಿಂಡದಲ್ಲಿ ಉಳಿದಿರುವ ಕೋಟ್ಯಂತರ ವರ್ಷಗಳ ಕಾಂತದ ಗುರುತು ಒಂದು ಸ್ಪರ್ಶದಿಂದ ಅಳಿಸಿಹೋಗುವುದು.

5. ಭಾರತದ ಉಲ್ಕಾಪಿಂಡಗಳ ಸಂಗ್ರಹವನ್ನು ಕಾಪಾಡುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಬೇಕು.

ಪ್ರದರ್ಶನಕ್ಕೆ ಮುಚ್ಚಿದ ಗಾಜಿನ ಪೆಟ್ಟಿಗೆಯೂ ತೇವ ಹೀರುವ ಸಿಲಿಕಾ ಜೆಲ್ಲೂ ಬೇಕು. ಪ್ಯಾಲಸೈಟನ್ನು ತಜ್ಞರು ತೆಳುವಾಗಿ ಕೊಯ್ದು ನಯಮಾಡಿ, ಹಿಂದಿನಿಂದ ಬೆಳಕು ಬೀಳುವಂತೆ ನಿಲ್ಲಿಸುವರು. ಆಗ ಅದರ ಹರಳುಗಳು ದೇವಾಲಯದ ಬಣ್ಣದ ಗಾಜಿನ ಕಿಟಕಿಯಂತೆ ಬೆಳಗುವುವು.

ಆದರೆ ಪೆಟ್ಟಿಗೆಯಲ್ಲಿ ಕಲ್ಲಿಗಿಂತಲೂ ಬೆಲೆಯುಳ್ಳದ್ದು ಅದರ ಚೀಟಿ. ಎಲ್ಲಿಯದೆಂದು ತಿಳಿಯದ ಪಿಂಡವು ಅರ್ಧ ಮೂಕವಾದ ಸಾಕ್ಷಿ. ಊಹೆಯನ್ನು ನಿಜವೆಂದು ಬರೆದ ಚೀಟಿಯಂತೂ ಸುಳ್ಳು ಸಾಕ್ಷಿ. ಕಿಟ್ಟವು ಸಿಕ್ಕಿದರೆ ಕಿಟ್ಟವೆಂದೇ ಬರೆಯಿರಿ. ಅದೂ ನಮ್ಮ ನಾಡಿನ ಕುಲುಮೆಯವರ ದುಡಿಮೆಯ ಗುರುತು. ಈ ಶಾಲೆಯಲ್ಲಿ ಕಲಿತ ಸೋದರಿಯರು ತಮ್ಮ ಮಕ್ಕಳು ಹೊಲದಿಂದ ತಂದ ಕಲ್ಲನ್ನು ಎಸೆಯುವ ಮುನ್ನ, ಅದು ಎಲ್ಲಿ ಸಿಕ್ಕಿತೆಂದು ಒಮ್ಮೆ ಕೇಳಲಿ. ಸೃಷ್ಟಿಕರ್ತನ ಕೈಕೆಲಸವನ್ನು ಸತ್ಯವಾಗಿ ಓದುವ ಅಭ್ಯಾಸಕ್ಕೆ ಅದೇ ಮೊದಲ ಪಾಠ.