ಒಂದು ಕೈಲಿ ಬಿಸ್ಕತ್ತು, ಒಂದು ಕೈಲಿ ಕಲ್ಲು

ರಾತ್ರಿ ಹಾಸ್ಟೆಲ್ ಗೇಟಿನ ಮುಂದೆ ಚಹಾ ಕುಡಿಯುತ್ತಾ ನಾವು ನಾಯಿಗೆ ಬಿಸ್ಕತ್ತು ಹಾಕ್ತೀವಿ. ಅದೇ ನಾಯಿ ಬೈಕ್ ಹಿಂದೆ ಓಡಿ ಬಂದ್ರೆ ಕಲ್ಲು ಎತ್ತೋರೂ ನಾವೇ. ಆಮೇಲೆ "ಕಲಬುರಗ್ಯಾಗ ನಾಯಿ ಕಾಟ ಭಾಳ ಆಗ್ಯದ" ಅಂತ ದೂರು.

ಯಾವ ಜಾಗದಲ್ಲಿ ತುತ್ತು ಸಿಕ್ತು, ಯಾವ ಸದ್ದಿನ ಹಿಂದೆ ಪೆಟ್ಟು ಬಿತ್ತು ಅನ್ನೋದನ್ನ ನಾಯಿ ಜೋಡಿಸಿ ನೆನಪಿಡುತ್ತೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಪ್ರಯೋಗ ಮಾಡಿ ತೋರಿಸಿದ್ದೂ ಇಂಥದ್ದನ್ನೇ. ಒಂದೇ ಜಾಗದಲ್ಲಿ ಎರಡೂ ಸಿಕ್ಕರೆ ಯಾರನ್ನ ನಂಬಬೇಕು ಅಂತ ಅದಕ್ಕೆ ತಿಳಿಯಲ್ಲ. ಹೆದರಿದ ನಾಯಿ ಮೊದಲು ಬಾಲ ಮುದುರುತ್ತೆ, ಮುಖ ತಿರುಗಿಸುತ್ತೆ, ಗುರ್ ಅನ್ನುತ್ತೆ. ಅದು ನಮಗೆ ಅರ್ಥವಾಗದಿದ್ರೆ ಕಚ್ಚುತ್ತೆ. ಕಚ್ಚಿದ್ದಕ್ಕೆ ಇನ್ನಷ್ಟು ಕಲ್ಲು, ಕಲ್ಲಿಗೆ ಇನ್ನಷ್ಟು ಭಯ. ನಾವು ಓದೋ ಫೀಡ್‌ಬ್ಯಾಕ್ ಲೂಪ್ ಇದೇ. ಇನ್‌ಪುಟ್ ನಮ್ಮದು.

ನಮ್ಮ ಗೆಳೆಯನ ಊರು ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಅವರ ಹೊಲದ ನಾಯಿಗೆ ದಿನಾ ಒಂದೇ ಹೊತ್ತಿಗೆ, ಒಂದೇ ಕೈಯಿಂದ ರೊಟ್ಟಿ. ಅದಕ್ಕೇ ಅದು ಶಾಂತ. ಆದರೆ "ರೇಬೀಸ್ ಲಸಿಕೆ ಹಾಕ್ಸೀರೇನು?" ಅಂತ ಕೇಳಿದ್ರೆ ಗೆಳೆಯ ಸುಮ್ಮನಾದ. ಪ್ರೀತಿ ಇದ್ದರೂ ಜವಾಬ್ದಾರಿ ಅರ್ಧಕ್ಕೆ ನಿಂತಿತ್ತು. ಸಿಟಿಯಲ್ಲಿ ಇದರದೇ ಇನ್ನೊಂದು ರೂಪ: ಚಳಿ ನಾಡಿನ ದಪ್ಪ ತುಪ್ಪಳದ ಹಸ್ಕಿಯನ್ನ ಶೋಕಿಗೆ ತಂದು, 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಸಾಕೋದು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದ ನಾಯಿಗಳನ್ನ ಮತ್ತೆ ಅಲ್ಲಿಗೆ ಬಿಡಬಾರದು, ಆಶ್ರಯ ಕೇಂದ್ರಕ್ಕೆ ಒಯ್ಯಬೇಕು ಅಂತ ಆದೇಶಿಸಿತು. ಅಂದ್ರೆ ನಮ್ಮ ಗೇಟಿನ ಬಿಸ್ಕತ್ತಿಗೆ ರೂಢಿಯಾಗಿ ಒಳಗೆ ಬಂದ ನಾಯಿ ತನ್ನ ಜಾಗವನ್ನೇ ಕಳೆದುಕೊಳ್ಳಬಹುದು. ತಪ್ಪು ನಮ್ಮದು, ಶಿಕ್ಷೆ ಅದಕ್ಕೆ.

ಹಾಗಾದ್ರೆ ನಾವೇನು ಮಾಡಬೇಕು?

1. ಗೇಟಿನಲ್ಲಿ, ಮೆಸ್ ಮುಂದೆ ಊಟ ಹಾಕೋದು ಬೇಡ. ಮೆಸ್ಸಿನ ಕಸದ ಡಬ್ಬಿಗೆ ಮುಚ್ಚಳ ಇರಲಿ.
2. ನಾಯಿ ಬೊಗಳಿದ್ರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಂತು, ನಿಧಾನಕ್ಕೆ ಸರಿಯಿರಿ.
3. ಸಾಕೋ ಆಸೆ ಇದ್ದರೆ ಬೀದಿಯ ಮರಿ ತನ್ನಿ. ಲಸಿಕೆ, ಶಸ್ತ್ರಚಿಕಿತ್ಸೆ ಎರಡನ್ನೂ ಮಾಡಿಸಿ.
4. ಕಚ್ಚಿದ್ರೆ ಗಾಯವನ್ನ ಸೋಪು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ.

ನಾಯಿಯ ಸ್ವಭಾವ ಬದಲಾಗಬೇಕಂದ್ರೆ ಮೊದಲು ನಮ್ಮ ಕೈಗಳೆರಡೂ ಒಂದೇ ಮಾತು ಹೇಳಬೇಕು.